ತಾತನ ಮೂರು ಕ್ಷೌರದ ಕತ್ತಿ, ಮಸೆದದ್ದು ಒಂದನ್ನೇ

ಬಳೇಪೇಟೆಯ ಹಳೆ ಮನೆ ಖಾಲಿ ಮಾಡಿದಾಗ ತಾತನ ಮೂರು ಕ್ಷೌರದ ಕತ್ತಿಗಳು ನನ್ನ ಪಾಲಿಗೆ ಬಂದವು. ಮೂರಕ್ಕೂ ತುಕ್ಕು ಹಿಡಿದಿತ್ತು. "ಬೀದೀಲಿ ಸಾಣೆ ಹಿಡಿಯೋನು ಬರ್ತಾನಲ್ಲ, ಕೊಟ್ಬಿಡೋ" ಅಂದರು ಚಿಕ್ಕಪ್ಪ. ನಾನು ಕೊಡಲಿಲ್ಲ. ಅಡುಗೆಮನೆ ಚಾಕುವಿಗೆ ಆ ಚಕ್ರ ಸರಿ. ಕ್ಷೌರದ ಕತ್ತಿಯ ಎರಡೂ ಬದಿಯನ್ನು ಒಳಕ್ಕೆ ತೋಡಿರುತ್ತಾರೆ, ಬಾಯಿಯ, ಅಂದರೆ ಹರಿತವಾದ ಅಂಚಿನ, ಹತ್ತಿರ ಉಕ್ಕು ಕಾಗದದಷ್ಟು ತೆಳು. ತಿರುಗುವ ಚಕ್ರಕ್ಕೆ ತಾಗಿದರೆ ಕ್ಷಣದಲ್ಲಿ ಕಾಯುತ್ತದೆ. 300 ಡಿಗ್ರಿಯ ಆಸುಪಾಸಿನಲ್ಲಿ ಉಕ್ಕು ನೀಲಿಯಾಗುತ್ತದೆ. ಅಷ್ಟು ಹೊತ್ತಿಗೆ ಹದ ಹೋಗಿರುತ್ತದೆ, ಆ ಜಾಗದಲ್ಲಿ ಮತ್ತೆ ಹರಿತ ನಿಲ್ಲುವುದಿಲ್ಲ.

ಹೊಳಪು ಕೊಡುವ ಆತುರ ಬೇಡ. ಕತ್ತಿ ಮುಖಕ್ಕೆ ಬರುತ್ತದೋ ಇಲ್ಲವೋ ಅನ್ನುವುದನ್ನು ಮೊದಲು ತೀರ್ಮಾನಿಸಬೇಕು. ನಗರತ್ ಪೇಟೆಯಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಕಡೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ತಂದೆ. ಮಧ್ಯಾಹ್ನದ ಬೆಳಕಲ್ಲಿ ಕೂತು ಒಂದೊಂದನ್ನೇ ನೋಡಿದೆ.

ಮೂರರಲ್ಲಿ ಚೆಂದದ್ದು ಕೊಂಬಿನ ಹಿಡಿಯದು. ಅಲಗಿನ ಬುಡದಲ್ಲಿ ಷೆಫೀಲ್ಡ್ ಅಂತ, ಚಾಕು-ಕತ್ತಿಗೆ ಹೆಸರಾದ ಇಂಗ್ಲೆಂಡಿನ ಊರಿನ ಹೆಸರು ಇದೆ, ಜೊತೆಗೆ ಕಿರೀಟ, ಅದರ ಎರಡು ಬದಿಗೆ 'ವಿ', 'ಆರ್' ಅಕ್ಷರ. ಅದು ವಿಕ್ಟೋರಿಯಾ ರಾಣಿಯ ಗುರುತು. ಅವಳ ಆಳ್ವಿಕೆ 1837ರಿಂದ 1901ರವರೆಗೆ, ಹಾಗಾಗಿ ಕತ್ತಿ ತಾತನಿಗಿಂತಲೂ ಹಳೆಯದು. ಅದನ್ನೇ ಬಳಸುವ ಆಸೆ ನನಗೆ. ಬಾಯಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಒರಗಿಸಿ ಉದ್ದಕ್ಕೂ ಸರಿಸಿದೆ. ತೆಳುವಾದ ಉಕ್ಕು ಉಗುರಿಗೆ ಸ್ವಲ್ಪ ಬಾಗುತ್ತದೆ, ಬಿರುಕಿದ್ದರೆ ಆಗ ತೆರೆದುಕೊಂಡು ಕಾಣುತ್ತದೆ. ತುದಿಯ ಹತ್ತಿರ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಕೊಳೆ ಇರಬಹುದು ಅಂತ ಒರೆಸಿದೆ, ಹೋಗಲಿಲ್ಲ. ಬಿರುಕು ಬಿಟ್ಟ ಕತ್ತಿಯನ್ನು ಕೆನ್ನೆಗೆ ತರಬಾರದು. ಚೂರು ಯಾವಾಗ ಮುರಿದು ಬರುತ್ತದೆ ಹೇಳಲಾಗದು. ತುಕ್ಕು ತೆಗೆದು ಎಣ್ಣೆ ಸವರಿ ಇಟ್ಟೆ, ಅಷ್ಟೇ.

ಎರಡನೆಯದರ ಹಿಡಿ ಸೆಲ್ಯುಲಾಯ್ಡ್ ಅನ್ನುವ ಹಳೆ ಕಾಲದ ಪ್ಲಾಸ್ಟಿಕ್‌ನದು, ಆಮೆ ಚಿಪ್ಪಿನ ಬಣ್ಣದ್ದು. ಸೆಲ್ಯುಲಾಯ್ಡ್ ಮಾಡುವಾಗ ಕರ್ಪೂರ ಸೇರಿಸುತ್ತಾರೆ, ಚೆನ್ನಾಗಿರುವ ಹಿಡಿಯನ್ನು ಉಜ್ಜಿದರೆ ಅದರ ವಾಸನೆ ಬರುತ್ತದೆ. ಇದು ಹುಳಿ ನಾತ ಹೊಡೆಯುತ್ತಿತ್ತು, ಹಿತ್ತಾಳೆ ಪಿನ್ನಿನ ಸುತ್ತ ಹಸಿರು ಕಿಲುಬು. ಸೆಲ್ಯುಲಾಯ್ಡ್ ಕೊಳೆಯುವಾಗ ಹೊರಬರುವ ಆವಿ ತೇವದ ಜೊತೆ ಸೇರಿ ಆಮ್ಲವಾಗುತ್ತದೆ, ಅದು ಉಕ್ಕನ್ನು ತಿನ್ನುತ್ತದೆ. ಹಿಡಿಯೊಳಗೆ ಮಡಚಿದ್ದ ಅಲಗಿನ ಭಾಗವೇ ಜಾಸ್ತಿ ಹಾಳಾಗಿತ್ತು, ಕಪ್ಪು ಕುಳಿಗಳು ನೇರ ಬಾಯಿಯವರೆಗೂ ಇಳಿದಿದ್ದವು. ಕೆಂಪು ತುಕ್ಕಿಗೆ ಹೆದರಬೇಕಿಲ್ಲ, ಅದು ಮೇಲ್ಮೇಲಿನದು. ಬಾಯಿಯಲ್ಲಿ ಕಪ್ಪು ಕುಳಿ ಇದ್ದರೆ ಮಸೆದಷ್ಟೂ ಅಂಚು ಪುಡಿಯಾಗಿ ಉದುರುತ್ತದೆ. ಪಿನ್ನಿನ ತಲೆಯನ್ನು ಅರದಿಂದ ತೇಯ್ದು ಹಿಡಿಯನ್ನು ಬೇರೆ ಮಾಡಿದೆ.

ಉಳಿದದ್ದು ಕಪ್ಪು ಹಿಡಿಯ ಕತ್ತಿ, ಜರ್ಮನಿಯ ಸೋಲಿಂಗೆನ್ ಊರಿನದು. ನೋಡಲು ತೀರಾ ಸಾದಾ. ಆದರೆ ಗಾಜಿನ ಮೇಲೆ ಮಲಗಿಸಿದರೆ ಬೆನ್ನು (ಬಾಯಿಗೆ ಎದುರಿನ ದಪ್ಪ ಅಂಚು), ಬಾಯಿ ಎರಡೂ ಕೂರುತ್ತವೆ, ಅಲ್ಲಾಡುವುದಿಲ್ಲ. ಬೆನ್ನು ಸವೆದಿಲ್ಲ. ಇದೂ ಮುಖ್ಯ, ಯಾಕೆಂದರೆ ಮಸೆಯುವಾಗ ಕೋನ ಕೊಡುವುದೇ ಆ ಬೆನ್ನು. ಕೆಲಸಕ್ಕೆ ಬರುವ ಕತ್ತಿ ಇದೇ ಅಂತ ಗೊತ್ತಾದಾಗ ತುಂಬಾ ಖುಷಿಯಾಯಿತು.

ಅಲಗನ್ನು ಮರದ ತುಂಡಿನ ಮೇಲೆ ಒತ್ತಿಟ್ಟು, ಎಣ್ಣೆ ಹಾಕಿ, 600ರ ವಾಟರ್ ಪೇಪರ್‌ನಿಂದ (ಉಜ್ಜುವ ಕಾಗದ, ಸಂಖ್ಯೆ ಹೆಚ್ಚಿದಷ್ಟೂ ನಯ) ಶುರು ಮಾಡಿದೆ. ಆಮೇಲೆ 1000, ಕೊನೆಗೆ 2000. ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಉಜ್ಜಬೇಕು, ಬಾಯಿಗೆ ಎದುರಾಗಿ ಬೆರಳು ಹೋಗಲೇಬಾರದು. ಮುದ್ರೆಯನ್ನು ಮುಟ್ಟಲಿಲ್ಲ. ಊರಿನ ಹೆಸರು ಅಳಿಸಿ ಹೋದ ಹೊಳಪಿಗಿಂತ ಹೆಸರಿರುವ ಕಲೆಯೇ ಮೇಲು. ಸೋಲಿಂಗೆನ್ ಹೆಸರನ್ನು ಕಾಪಾಡಲು ಜರ್ಮನಿ 1938ರಲ್ಲಿ ಕಾನೂನನ್ನೇ ಮಾಡಿತು.

ಮಸೆಯಲು 1000ದ ಕಲ್ಲಿನಲ್ಲಿ ಅಂಚು ಕೂರಿಸಿ, 4000, 8000, 12000 ಅಂತ ಏರಿದೆ. ಹೆಚ್ಚು ಹೊತ್ತು ಕೇಳುವುದು ಮೊದಲ ಕಲ್ಲೇ. ಅಲ್ಲಿ ಎರಡೂ ಬದಿಯ ಉಜ್ಜು ಒಂದೇ ಗೆರೆಯಲ್ಲಿ ಸೇರದೆ ಮೇಲಿನ ಕಲ್ಲಿಗೆ ಹೋದರೆ ಹೊಳಪು ಬರುತ್ತದೆ, ಹರಿತ ಬರುವುದಿಲ್ಲ. ನೀರು ಅಂಚಿನ ಮೇಲೆ ಸಮನಾಗಿ ಹತ್ತಿ ಬರುತ್ತಿದ್ದರೆ ಕಲ್ಲಿಗೆ ಬಾಯಿ ಪೂರ್ತಿ ತಾಗುತ್ತಿದೆ ಅಂತ ಅರ್ಥ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸರಿಸಬೇಕು, ಕೊನೆಗೆ ಅಂಚನ್ನು ನಯ ಮಾಡುವ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಕತ್ತಿ ಮಗುಚುವುದು ಯಾವಾಗಲೂ ಬೆನ್ನಿನ ಮೇಲೆ.

ಮೊದಲ ಸಲ ಕೆನ್ನೆ ಮಾತ್ರ ಬೋಳಿಸಿ ನೋಡಿ, ಗದ್ದ, ಮೀಸೆ ಕೆಳಗಿನ ಜಾಗ ಆಮೇಲೆ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ. ಒಂದು ಕತ್ತಿ ಒಬ್ಬರಿಗೇ. ಮನೆಯವರ ನಡುವೆಯೂ ಹಂಚಿಕೊಳ್ಳಬಾರದು, ರಕ್ತದಿಂದ ಹರಡುವ ಸೋಂಕಿನ ವಿಷಯ ಇದು.

ಎತ್ತಿಡಲು ಕೊಬ್ಬರಿ ಎಣ್ಣೆ ಬೇಡ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ನಮ್ಮೂರಿನ ಡಿಸೆಂಬರ್‌ನಲ್ಲಿ ಡಬ್ಬಿಯೊಳಗೇ ಗಟ್ಟಿ ಅಲ್ವಾ. ಹೊಲಿಗೆ ಮೆಷಿನ್ ಎಣ್ಣೆ ಸಾಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಸೆಲ್ಯುಲಾಯ್ಡ್ ಹಿಡಿಯನ್ನಂತೂ ಬೇರೆ ಕತ್ತಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಲೇಬೇಡಿ, ಅದರ ಆವಿ ಪಕ್ಕದ ಉಕ್ಕನ್ನೂ ತಿನ್ನುತ್ತದೆ. ಬೆಂಕಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವ ವಸ್ತು ಅದು, ಒಲೆ, ದೀಪದಿಂದಲೂ ದೂರವಿರಲಿ.