ಬೋರ್‌ವೆಲ್ ನೀರು ಮತ್ತು ಬಚ್ಚಲಮನೆಯ ಗೀಸರ್: ರಾಯಚೂರಿನಲ್ಲಿ ನನ್ನ ಅನುಭವ

ರಾಯಚೂರಿನಲ್ಲಿ ಗೀಸರ್ ಬಳಸುವ ಕಾಲ ಚಿಕ್ಕದು. ಮಾರ್ಚ್ ತಿಂಗಳಿನಿಂದ ಮಳೆಗಾಲ ಹಿಡಿಯುವವರೆಗೆ ತಾರಸಿಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರೇ ಮಧ್ಯಾಹ್ನದ ಹೊತ್ತಿಗೆ ಮೈಮೇಲೆ ಹಾಕಿಕೊಳ್ಳಲಾಗದಷ್ಟು ಕಾದಿರುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬದಿಂದ ಶಿವರಾತ್ರಿಯವರೆಗೆ ಮಾತ್ರ ಬಿಸಿನೀರಿನ ಅಗತ್ಯ ನಿಜವಾಗಿ ಕಾಣುತ್ತದೆ. ವರ್ಷದಲ್ಲಿ ಇಷ್ಟೇ ದಿನ ದುಡಿಯುವ ಯಂತ್ರ ಬೇಗ ಕೆಡಬೇಕಾದ ಕಾರಣವಿಲ್ಲವೆಂದು ಬಹಳ ಜನ ತಿಳಿದಿದ್ದಾರೆ. ನಾನು ಐಟಿಐಯಲ್ಲಿ ವಿದ್ಯುತ್ ಕೆಲಸ ಕಲಿತು, ಅಕ್ಕಿ ಗಿರಣಿಯೊಂದರ ಮೋಟಾರುಗಳ ಉಸ್ತುವಾರಿ ನೋಡಿಕೊಳ್ಳುವವನು. ಬಿಡುವಿನಲ್ಲಿ ನಮ್ಮ ಮನೆಯ ಗೀಸರನ್ನೂ ತಮ್ಮನ ಮನೆಯದನ್ನೂ ಓಣಿಯ ಕೆಲವರದನ್ನೂ ಬಿಚ್ಚಿ ನೋಡಿದ್ದೇನೆ. ಎಷ್ಟು ದಿನ ಬಳಸಿದೆವು ಎನ್ನುವುದಕ್ಕಿಂತ ಒಳಗೆ ಯಾವ ನೀರು ಬಿಟ್ಟೆವು ಎನ್ನುವುದೇ ಇಲ್ಲಿ ಗೀಸರಿನ ಆಯುಷ್ಯವನ್ನು ನಿರ್ಧರಿಸುತ್ತದೆ ಎಂಬುದು ಅದರಿಂದ ನನಗೆ ಮನವರಿಕೆಯಾದ ಸಂಗತಿ.

ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪಬಹುದು. ಹನಿ ಹಾಕಿ ಬಣ್ಣ ನೋಡುವ ಕಿಟ್ ತಂದು ನಾನು ಪರೀಕ್ಷಿಸಿದಾಗ ನಮ್ಮ ಬೋರ್‌ವೆಲ್ ನೀರು ಆ ಎರಡನೆಯ ಮಿತಿಯನ್ನೂ ದಾಟಿತ್ತು. ನೀರಿನ ಫಿಲ್ಟರ್ ಮಾರುವವರು ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಈ ಕೆಲಸಕ್ಕೆ ಸಾಲದು, ಏಕೆಂದರೆ ಅದು ಕರಗಿರುವ ಲವಣಗಳ ಮೊತ್ತವನ್ನು ಅಂದಾಜಿಸುತ್ತದೆಯೇ ಹೊರತು ಅದರಲ್ಲಿ ಸುಣ್ಣದ ಪಾಲೆಷ್ಟೆಂದು ಹೇಳುವುದಿಲ್ಲ. ಗಡಸು ನೀರು ಕಾದಾಗ ಅದರಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣದ ಕಲ್ಲಾಗಿ, ಎಲ್ಲಕ್ಕಿಂತ ಬಿಸಿಯಾದ ಜಾಗವಾದ, ನೀರು ಕಾಯಿಸುವ ಕಾಯಿಲಿನ ಮೇಲೆಯೇ ಮೊದಲು ಕೂರುತ್ತದೆ. ಉಷ್ಣತೆ ಹೆಚ್ಚಿದಷ್ಟೂ ಈ ಕೆಲಸ ಚುರುಕಾಗುವುದರಿಂದ ನೀರು ಎಷ್ಟು ಕಾಯಬೇಕೆಂದು ನಿಗದಿ ಮಾಡುವ ಥರ್ಮೋಸ್ಟಾಟನ್ನು ನಾನು 60 ಡಿಗ್ರಿಗಿಂತ ಮೇಲೆ ಇಡುವುದಿಲ್ಲ.

ಕಾಯಿಲಿಗೆ ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ವಿಪರೀತ ಏರುತ್ತದೆ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ, ಆದರೆ ಅದು ಪೂರ್ತಿ ನಿಜವಲ್ಲ. ನೀರಿನೊಳಗೆ ಮುಳುಗಿರುವ 2000 ವಾಟಿನ ಕಾಯಿಲು ಎಳೆದುಕೊಂಡ ವಿದ್ಯುತ್ತೆಲ್ಲ ಶಾಖವಾಗಿ, ಸುಣ್ಣದ ಪದರವನ್ನು ದಾಟಿ, ಕೊನೆಗೆ ಆ ನೀರಿಗೇ ಸೇರಬೇಕು. ಪದರ ದಪ್ಪವಾದಂತೆ ಶಾಖ ಹೊರಹೋಗಲು ತಡವಾಗಿ ಕಾಯಿಲಿನ ಕೊಳವೆ ತಾನೇ ಮಿತಿಮೀರಿ ಕಾಯುತ್ತದೆ, ಒಂದು ದಿನ ಬಿರಿಯುತ್ತದೆ, ಆಗ ಕರೆಂಟ್ ನೇರವಾಗಿ ನೀರಿಗೆ ಇಳಿಯುತ್ತದೆ. ನಷ್ಟ ಇರುವುದು ಇಲ್ಲಿ. ಬಿಲ್ಲಿನ ವ್ಯತ್ಯಾಸ ಅಲ್ಪ.

ಅದೇ ರೀತಿ, ನೀರು ತಡವಾಗಿ ಕಾಯುತ್ತಿದೆ ಎಂದ ಕೂಡಲೇ ಸುಣ್ಣದ ಮೇಲೆ ಗೂಬೆ ಕೂರಿಸುವುದೂ ಸರಿಯಲ್ಲ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.66 ಯೂನಿಟ್ ಬೇಕು. 230 ವೋಲ್ಟ್ ಇದ್ದರೆ 2000 ವಾಟಿನ ಕಾಯಿಲು ಅದನ್ನು 20 ನಿಮಿಷದಲ್ಲಿ ಮಾಡಿ ಮುಗಿಸುತ್ತದೆ. ವೋಲ್ಟೇಜ್ 190ಕ್ಕೆ ಇಳಿದರೆ ಅದೇ ಕಾಯಿಲು 1365 ವಾಟಿನಷ್ಟು ಮಾತ್ರ ಕೊಡುವುದರಿಂದ 29 ನಿಮಿಷ ಹಿಡಿಯುತ್ತದೆ. ತಮ್ಮನ ಮನೆಯಲ್ಲಿ ಆಗಿದ್ದು ಇದೇ. ಬೆಳಗಿನ ಹೊತ್ತು ಓಣಿಯ ಮೋಟಾರುಗಳೆಲ್ಲ ಒಟ್ಟಿಗೆ ಓಡುವಾಗ ಮೀಟರ್ ಹಿಡಿದು ನೋಡಿದ ಮೇಲೆ, ಹೊಸ ಕಾಯಿಲು ತರಲು ಹೊರಟಿದ್ದವನನ್ನು ತಡೆದೆ.

ನಮ್ಮ ಮನೆಯ ಗೀಸರಿನ ಸುಳಿವು ಸಿಕ್ಕಿದ್ದು ಸದ್ದಿನಿಂದ. "ಗೀಸರ್ ಹೊಟ್ಟ್ಯಾಗ ಏನೋ ಚಟಪಟ ಅನ್ನಕತ್ತೈತಿ, ನೋಡಪ" ಎಂದು ಅವ್ವ ಹೇಳಿದಳು. ಪದರದ ಸಂದಿನಲ್ಲಿ ಸಿಕ್ಕಿಕೊಂಡ ನೀರು ಅಲ್ಲಲ್ಲೇ ಕುದಿದು ಆವಿಯಾಗುವಾಗ ಈ ಸದ್ದು ಬರುತ್ತದೆ. ಮಿತಿಮೀರಿ ಕಾದಾಗ ಕರೆಂಟ್ ಕಡಿಯುವ ಸುರಕ್ಷತಾ ಕಟೌಟ್ ಪದೇ ಪದೇ ಬಿದ್ದು, ಕೆಳಗಿನ ಮುಚ್ಚಳ ತೆಗೆದು ಗುಂಡಿ ಒತ್ತಿದರೆ ಮಾತ್ರ ಗೀಸರ್ ಮತ್ತೆ ಚಾಲೂ ಆಗುತ್ತಿದ್ದರೆ ಅದೂ ಒಂದು ಸುಳಿವೇ.

ಬಿಚ್ಚುವ ಮೊದಲು ಸ್ವಿಚ್ ಆರಿಸಿದರೆ ಸಾಲದು. ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಎಂಸಿಬಿ ಇಳಿಸಿ, ಗೀಸರಿನ ತಂತಿ ಕೂಡುವ ಜಾಗದಲ್ಲೇ ಕರೆಂಟ್ ಇಲ್ಲವೆಂದು ಟೆಸ್ಟರಿನಿಂದಲೂ ಮೀಟರಿನಿಂದಲೂ ಖಾತರಿ ಮಾಡಿಕೊಳ್ಳಬೇಕು. ಒಳಗಿನ ನೀರು ಆರಲು ಒಂದು ರಾತ್ರಿ ಬಿಡುತ್ತೇನೆ. ಅನಂತರ ತಣ್ಣೀರಿನ ವಾಲ್ವ್ ಮುಚ್ಚಿ, ಗಾಳಿ ಒಳಹೋಗಲೆಂದು ಬಿಸಿನೀರಿನ ನಲ್ಲಿ ತೆರೆದು, ಕೆಳಗೆ ಬಕೆಟ್ ಇಟ್ಟು, ತಣ್ಣೀರಿನ ಪೈಪನ್ನು ಸೇಫ್ಟಿ ವಾಲ್ವಿನ ಸಮೇತ ಬಿಡಿಸಿ ನೀರು ಇಳಿಸುತ್ತೇನೆ. ತಂತಿಗಳನ್ನು ತೆಗೆಯುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಮರುಜೋಡಣೆಯಲ್ಲಿ ಗೊಂದಲವಿರುವುದಿಲ್ಲ. ಟ್ಯಾಂಕಿನ ಕೆಳಬಾಯಿ ಮುಚ್ಚುವ, ಚಕ್ರದಂತಿರುವ ಫ್ಲ್ಯಾಂಜಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದಾಗ ಕಾಯಿಲೂ, ಟ್ಯಾಂಕಿನ ತುಕ್ಕು ತಡೆಯುವ ಆನೋಡ್ ಸರಳೂ ಒಟ್ಟಿಗೆ ಹೊರಬರುತ್ತವೆ. ಅವುಗಳ ಹಿಂದೆಯೇ ಬಿಳಿ ಚಕ್ಕೆಗಳ ರಾಶಿ ಬೀಳುತ್ತದೆ. ನಮ್ಮ ಗೀಸರಿನಿಂದ ಬಿದ್ದದ್ದು ಅರ್ಧ ತಂಬಿಗೆಗೂ ಮೀರಿತ್ತು.

ಕಾಯಿಲನ್ನು ಚಾಕುವಿನಿಂದಲೋ ಸ್ಕ್ರೂಡ್ರೈವರಿನಿಂದಲೋ ಕೆರೆದರೆ ತಾಮ್ರದ ಕೊಳವೆಗೆ ಗೀರು ಬಿದ್ದು ಮುಂದಿನ ತೂತಿಗೆ ಅದೇ ದಾರಿಯಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆ್ಯಸಿಡ್ಡನ್ನು, ಬೆಚ್ಚಗಿನ ನೀರಿನಲ್ಲಿ ಕರಗಿಸಿ, ವಿದ್ಯುತ್ ತುದಿಗಳು ಒದ್ದೆಯಾಗದಂತೆ ಕಾಯಿಲನ್ನು ಅದರಲ್ಲಿ ಇಳಿಬಿಟ್ಟರೆ ನೊರೆಗುಟ್ಟಿ ಸುಣ್ಣ ತಾನಾಗಿಯೇ ಕರಗುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ ಬೇಗ ಕೆಲಸ ಮಾಡುತ್ತದೆ ಎಂದು ಅದನ್ನೇ ಸುರಿಯುವವರಿದ್ದಾರೆ. ಅದು ಲೋಹವನ್ನೂ ತಿನ್ನುವುದರಿಂದ ನಾನು ಆ ಗೊಡವೆಗೆ ಹೋಗುವುದಿಲ್ಲ. ತೊಳೆದು ಒಣಗಿಸಿದ ಕಾಯಿಲನ್ನು ಮೀಟರಿನಲ್ಲಿ ಅಳೆದರೆ 2000 ವಾಟಿನದು 26 ಓಂ ಆಸುಪಾಸು ತೋರಿಸಬೇಕು, ಅದರ ತುದಿಗೂ ಹೊರಮೈಗೂ ನಡುವೆ ಯಾವ ಸಂಪರ್ಕವೂ ಕಾಣಬಾರದು. ಕಂಡರೆ, ಎಷ್ಟೇ ಹೊಳೆಯುತ್ತಿರಲಿ, ಆ ಕಾಯಿಲು ಗುಜರಿಗೆ ಹೋಗಬೇಕು.

ಹೆಚ್ಚಿನವರು ಆನೋಡ್ ಸರಳಿನ ಹೆಸರನ್ನೇ ಕೇಳಿರುವುದಿಲ್ಲ, ನನ್ನ ಮಟ್ಟಿಗೆ ಅದೇ ಗೀಸರಿನ ಮುಖ್ಯ ಭಾಗ. ಅದು ಮೆಗ್ನೀಸಿಯಂನ ಕಡ್ಡಿ. ಉಕ್ಕಿಗಿಂತ ಬೇಗ ಸವೆಯುವ ಗುಣ ಮೆಗ್ನೀಸಿಯಂಗೆ ಇರುವುದರಿಂದ, ಉಕ್ಕಿನ ಟ್ಯಾಂಕಿನ ಒಳಮೈಗೆ ಬಳಿದ ಗಾಜಿನ ಲೇಪನದಲ್ಲಿ ಎಲ್ಲಾದರೂ ಸೂಕ್ಷ್ಮ ಬಿರುಕಿದ್ದರೆ ಟ್ಯಾಂಕಿನ ಬದಲು ತಾನು ಕರಗಿ ತುಕ್ಕನ್ನು ತಡೆಯುತ್ತದೆ. ಲವಣ ಹೆಚ್ಚಿರುವ ನೀರಿನಲ್ಲಿ ಈ ಕರಗುವಿಕೆ ಇನ್ನಷ್ಟು ವೇಗವಾಗಿ ನಡೆಯುತ್ತದೆ. ನಡುವಿನ ತಂತಿ ಹೊರಗೆ ಕಾಣುವಷ್ಟು ಸವೆದಿದ್ದರೆ ಬದಲಿಸಲೇಬೇಕು. ನೀರಿನಲ್ಲಿ ಮುಳುಗಿದ್ದರೆ ಮಾತ್ರ ಈ ಸರಳು ಕೆಲಸ ಮಾಡುವುದರಿಂದ, ಬೇಸಿಗೆಯಲ್ಲಿ ನಾನು ಟ್ಯಾಂಕನ್ನು ಅರ್ಧ ಖಾಲಿ ಬಿಡದೆ ಪೂರ್ತಿ ತುಂಬಿಸಿಯೇ ಎಂಸಿಬಿ ಇಳಿಸುತ್ತೇನೆ, ದೀಪಾವಳಿಗೆ ಮುಂಚೆ ಆ ಹಳೆಯ ನೀರನ್ನು ಚೆಲ್ಲುತ್ತೇನೆ. ಮರುಜೋಡಿಸುವಾಗ, ಫ್ಲ್ಯಾಂಜಿನ ಸಂದಿನಲ್ಲಿ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಹಳೆಯದನ್ನೇ ಬಳಸಬಾರದು. ಬಿಸಿನೀರಿನ ನಲ್ಲಿಯಿಂದ ಗಾಳಿಯಿಲ್ಲದೆ ಒಂದೇ ಧಾರೆಯಾಗಿ ನೀರು ಬರುವವರೆಗೆ ಕರೆಂಟ್ ಕೊಡಲೂಬಾರದು, ಏಕೆಂದರೆ ಒಣ ಕಾಯಿಲು ಸುಟ್ಟುಹೋಗಲು ಹೆಚ್ಚು ಹೊತ್ತು ಬೇಕಿಲ್ಲ.

ಇಷ್ಟೆಲ್ಲ ಮಾಡಿದರೂ ಆ ಗೀಸರಿಗೆ ವಯಸ್ಸಾಗಿತ್ತು, ಎರಡು ಚಳಿಗಾಲದ ಅನಂತರ ಕೆಳಗಿನಿಂದ ಹನಿ ಕಾಣಿಸಿತು. ಹನಿ ಎಂದರೆ ಎಲ್ಲವೂ ಒಂದೇ ಅಲ್ಲ. 15 ಲೀಟರ್ ನೀರು 60 ಡಿಗ್ರಿಗೆ ಕಾಯುವಾಗ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ವಾಲ್ವ್ ಬಿಡದಿದ್ದಾಗ ಒತ್ತಡ ಏರಿ ಸೇಫ್ಟಿ ವಾಲ್ವಿನ ತೂತಿನಿಂದ ಹನಿ ಬೀಳುವುದು ಸಹಜ. ಆ ತೂತಿಗೆ ಬೆಣೆ ಬಡಿದವರನ್ನು ನೋಡಿದ್ದೇನೆ; ಒತ್ತಡಕ್ಕೆ ಬೇರೆ ದಾರಿಯಿಲ್ಲದಂತೆ ಮಾಡುವ ಅಪಾಯದ ಕೆಲಸವದು. ಫ್ಲ್ಯಾಂಜಿನ ಅಂಚಿನಿಂದ ಬರುವ ಹನಿ ಗ್ಯಾಸ್ಕೆಟ್ ಬದಲಿಸಿದರೆ ನಿಲ್ಲುತ್ತದೆ. ಹೊರಕವಚದ ಒಳಗಿನಿಂದ, ಒದ್ದೆಯಾದ ಉಷ್ಣನಿರೋಧಕ ಫೋಮಿನ ಮೂಲಕ ಕೆಂಚು ನೀರು ಇಳಿಯುತ್ತಿದ್ದರೆ ಟ್ಯಾಂಕೇ ತೂತಾಗಿದೆ ಎಂದರ್ಥ, ಅದಕ್ಕೆ ರಿಪೇರಿಯಿಲ್ಲ. ನಮ್ಮದು ಈ ಮೂರನೆಯದು.

ಹೊಸದನ್ನು ಕೊಳ್ಳಲು ಹೋದಾಗ ಅಂಗಡಿಯವರು, "ಅಣ್ಣಾರ, ಎಂಟು ಬಾರ್‌ದ್ದು ತಗೊಳ್ರಿ, ಹೈ ಪ್ರೆಷರ್ ಮಾಡೆಲ್" ಎಂದು ಮೊದಲ ಮಾತಿಗೇ ಹೇಳಿದರು. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ನಮ್ಮದು ಒಂದೇ ಅಂತಸ್ತಿನ ಮನೆ, ಪ್ರೆಷರ್ ಪಂಪ್ ಇಲ್ಲ; ಟ್ಯಾಂಕಿನಿಂದ ಗೀಸರಿಗೆ ಬರುವ ಒತ್ತಡ ಅರ್ಧ ಬಾರನ್ನೂ ಮುಟ್ಟುವುದಿಲ್ಲ. ಎಂಟು ಬಾರ್ ಬೇಕಾದದ್ದು ಬಹುಮಹಡಿ ಕಟ್ಟಡದವರಿಗೆ ಮತ್ತು ಪಂಪ್ ಕೂರಿಸಿದವರಿಗೆ. ಸ್ಟಾರ್ ಗುರುತಿನ ವಿಷಯದಲ್ಲೂ ಇಂಥದೇ ತಪ್ಪು ತಿಳಿವಳಿಕೆಯಿದೆ. ಅದು ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನಿದ್ದಾಗ ಎಷ್ಟು ಶಾಖ ಸೋರುತ್ತದೆ ಎನ್ನುವುದರ ಅಳತೆ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಮುಗಿದ ಕೂಡಲೇ ಆರಿಸುವ ಮನೆಯಲ್ಲಿ ಅದರಿಂದ ಆಗುವ ಉಳಿತಾಯ ಕಡಿಮೆ. ಬೆಲೆಯಲ್ಲಿ ದೊಡ್ಡ ಅಂತರ ಇರಲಿಲ್ಲವಾದ್ದರಿಂದ ಐದು ಸ್ಟಾರಿನದನ್ನೇ ತಂದೆ ಎನ್ನುವುದು ಬೇರೆ ಮಾತು.

ಗಾತ್ರದ ಲೆಕ್ಕ ಸುಲಭ. 60 ಡಿಗ್ರಿಯ 15 ಲೀಟರಿಗೆ ಚಳಿಗಾಲದ ತಣ್ಣೀರು ಬೆರೆಸಿದರೆ ಸ್ನಾನಕ್ಕೆ ಒಗ್ಗುವ ಸುಮಾರು 30 ಲೀಟರ್, ಅಂದರೆ ಎರಡು ಬಕೆಟ್ ಆಗುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕಿಳಿಯುವ ನಮ್ಮ ಮನೆಗೆ 25 ಲೀಟರಿನದು ಸರಿಹೋಯಿತು. ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಅಗ್ಗ ನಿಜ. ಆದರೆ 3000 ವಾಟ್ ಸುರಿದರೂ ನೀರನ್ನು 25 ಡಿಗ್ರಿಯಷ್ಟು ಏರಿಸುತ್ತ ಅದು ನಿಮಿಷಕ್ಕೆ 1.7 ಲೀಟರ್ ಮಾತ್ರ ಕೊಡಬಲ್ಲದು. ಅಡುಗೆಮನೆಯ ಸಿಂಕಿಗೆ ಅದು ಸಾಕು. ಗ್ಯಾಸ್ ಗೀಸರನ್ನು ಕಿಟಕಿ ಮುಚ್ಚುವ ನಮ್ಮ ಸಣ್ಣ ಬಚ್ಚಲಿನ ಒಳಗೆ ಕೂರಿಸುವ ಯೋಚನೆಯನ್ನೇ ಮಾಡಲಿಲ್ಲ. ಗಾಳಿಯಾಡದ ಜಾಗದಲ್ಲಿ ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಮ್ಮ ಬಿಸಿಲಿಗೆ ಸೋಲಾರ್ ತಕ್ಕದ್ದೇ, ಆದರೆ ವರ್ಷದ ಮೂರರಲ್ಲಿ ಎರಡು ಪಾಲು ಕಾಲ ಬಿಸಿನೀರೇ ಬೇಡವಾದ ಮನೆಗೆ ಆ ಖರ್ಚು ನನಗೆ ಹೆಚ್ಚೆನಿಸಿತು; ಹಾಕಿಸುವವರು ಗಡಸು ನೀರಿಗೆ ತಾಮ್ರದ ಸಣ್ಣ ಕೊಳವೆಗಳ ಫ್ಲಾಟ್ ಪ್ಲೇಟಿಗಿಂತ ಗಾಜಿನ ಟ್ಯೂಬಿನದನ್ನು ನೋಡುವುದು ಲೇಸು. ಕೊನೆಗೆ ನಾನು ನೋಡಿದ್ದು ಐಎಸ್ 2082ರ ಐಎಸ್‌ಐ ಗುರುತು, ಗಾಜಿನ ಲೇಪನದ ಟ್ಯಾಂಕು, ಬರಿಯ ತಾಮ್ರದ ಬದಲು ಗಾಜು ಲೇಪಿಸಿದ ಕಾಯಿಲು, ಮತ್ತು ಆನೋಡ್ ಸರಳು ಊರಿನಲ್ಲೇ ಸಿಗುತ್ತದೆಯೇ ಎಂಬುದನ್ನು.

ಕೂರಿಸುವಾಗ 2.5 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ ಎಳೆದು, 16 ಆಂಪಿಯರ್ ಸಾಕೆಟ್ ಕೊಟ್ಟು, ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದೆ. ಕಾಯಿಲು ಬಿರಿದ ಗಳಿಗೆಯಲ್ಲಿ ಜೀವ ಉಳಿಸುವ ಸಾಧನ ಅದೇ. ಬಿಸಿನೀರಿಗೆ ಶಾಖ ತಾಳುವ ಸಿಪಿವಿಸಿ ಪೈಪನ್ನೇ ಬಳಸಬೇಕು. ಮಾಮೂಲಿ ಪಿವಿಸಿ ಮೆತ್ತಗಾಗುತ್ತದೆ. ಎರೆಭೂಮಿಯವರು ಅರ್ತಿಂಗ್ ಕಡೆಗೂ ಲಕ್ಷ್ಯ ಕೊಡಬೇಕು: ಬೇಸಿಗೆಯಲ್ಲಿ ಆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ತ್ ಗುಂಡಿಯ ಹಿಡಿತ ಸಡಿಲಾಗುವುದರಿಂದ ಆಗಾಗ ನೀರು ಹಾಕಬೇಕಾಗುತ್ತದೆ.

ಇದೆಲ್ಲಕ್ಕಿಂತ ಹೆಚ್ಚು ಪ್ರಯೋಜನವಾದದ್ದು ಪೈಪಿನ ಒಂದು ಬದಲಾವಣೆಯಿಂದ. ನಮ್ಮಲ್ಲಿ ನಲ್ಲಿಯ ನದಿ ನೀರೂ ಬೋರ್‌ವೆಲ್ ನೀರೂ ಒಂದೇ ಟ್ಯಾಂಕಿಗೆ ಬೀಳುತ್ತಿದ್ದವು. ತಾರಸಿಯ ಮೇಲೆ 200 ಲೀಟರಿನ ಸಣ್ಣ ಟ್ಯಾಂಕೊಂದನ್ನು ಬೇರೆಯಾಗಿ ಇಟ್ಟು, ನದಿ ನೀರನ್ನು ಅದಕ್ಕೆ ಮಾತ್ರ ತುಂಬಿಸಿ, ಅಲ್ಲಿಂದ ಗೀಸರಿಗೆ ನೇರ ಪೈಪ್ ಇಳಿಸಿದೆ. ಬಟ್ಟೆಗೆ, ಕಕ್ಕಸಿಗೆ, ಬಕೆಟ್ಟಿನಲ್ಲಿ ಬೆರೆಸುವ ತಣ್ಣೀರಿಗೆ ಬೋರ್‌ವೆಲ್ ನೀರೇ ಮುಂದುವರಿಯಿತು. ಪ್ಲಂಬರ್ ಇದನ್ನು ಅನಗತ್ಯ ಖರ್ಚು ಎಂದಿದ್ದ. ಮುಂದಿನ ದೀಪಾವಳಿಗೆ ಫ್ಲ್ಯಾಂಜ್ ಇಳಿಸಿದಾಗ ಕಾಯಿಲಿನ ಮೇಲೆ ಬಟ್ಟೆಯಿಂದ ಒರೆಸಿದರೆ ಹೋಗುವಷ್ಟು ತೆಳುವಾದ ಬಿಳಿ ಪುಡಿ ಮಾತ್ರ ಇತ್ತು, ಸರಳು ಮುಕ್ಕಾಲು ಪಾಲು ಉಳಿದಿತ್ತು. ಆ ವರ್ಷ ಗ್ಯಾಸ್ಕೆಟ್ ಬಿಟ್ಟು ಬೇರೇನನ್ನೂ ಕೊಳ್ಳಬೇಕಾಗಲಿಲ್ಲ.