ಮೀನಿನ ಟ್ಯಾಂಕಿಗೆ ಎಷ್ಟು ದೊಡ್ಡ ಫಿಲ್ಟರ್ ಬೇಕು?

ಮನೆಗೆ ಹೊಸದಾಗಿ ಮೀನಿನ ಟ್ಯಾಂಕ್ ತಂದವರು ನನ್ನನ್ನು ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುತ್ತೇನೆ: ಯಾವ ಮೀನು ಬಿಡ್ತೀರಿ, ಎಷ್ಟು ಬಿಡ್ತೀರಿ? ಅದು ಗೊತ್ತಿಲ್ಲದೆ ಫಿಲ್ಟರ್ ಕೊಳ್ಳುವುದು, ಊಟಕ್ಕೆ ಎಷ್ಟು ಜನ ಅಂತ ತಿಳಿಯದೆ ಅನ್ನಕ್ಕಿಟ್ಟ ಹಾಗೆ.

ಮೊದಲು ನೀರಿನ ಲೆಕ್ಕ ಮಾಡಿಕೊಳ್ಳಿ. ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವ ಎರಡು ಅಡಿ ಟ್ಯಾಂಕ್ 60 × 30 × 30, ಅಂದರೆ 54 ಲೀಟರ್. ತಳದ ಜಲ್ಲಿ, ಕಲ್ಲು, ಮೇಲೆ ಬಿಡುವ ಎರಡು ಬೆರಳು ಜಾಗ ಕಳೆದರೆ ಉಳಿಯುವ ನೀರು ಸುಮಾರು 45 ಲೀಟರ್. ಗಪ್ಪಿ, ಮೋಲಿ, ಟೆಟ್ರಾದಂಥ ಸಣ್ಣ ಮೀನುಗಳಿಗೆ ಈ ನೀರು ಗಂಟೆಗೆ ನಾಲ್ಕೈದು ಸಲ ಫಿಲ್ಟರಿನ ಮೂಲಕ ಹಾದುಹೋದರೆ ಸಾಕು. ಅಂದರೆ ಗಂಟೆಗೆ 200 ಲೀಟರಿನ ಆಸುಪಾಸು.

ಹಾಗಂತ 200 ಅಂತ ಬರೆದಿರುವ ಡಬ್ಬಿ ತರಬೇಡಿ. ಡಬ್ಬಿಯ ಮೇಲಿರುವುದು ಸಾಮಾನ್ಯವಾಗಿ ಮೋಟರಿನ ಪೂರ್ತಿ ಶಕ್ತಿ. ಒಳಗೆ ಸ್ಪಾಂಜ್ ತುಂಬಿ, ಅದಕ್ಕೆ ಕೊಳೆ ಕಟ್ಟಿಕೊಂಡ ಮೇಲೆ ನೀರು ಕಡಿಮೆಯಾಗುತ್ತದೆ. ಆದ್ದರಿಂದ 300ರಿಂದ 400ರದ್ದು ತನ್ನಿ. ತಂದ ಮೇಲೆ ನೀವೇ ಪರೀಕ್ಷೆ ಮಾಡಿ. ನೀರು ಹೊರಬರುವ ಬಾಯಿಗೆ ಒಂದು ತುಂಡು ಪೈಪು ಸಿಕ್ಕಿಸಿ, ಒಂದು ಲೀಟರಿನ ಜಗ್ಗಿಗೆ ಬಿಡಿ. ಪೈಪಿನ ತುದಿ ಟ್ಯಾಂಕಿನ ನೀರಿನ ಮಟ್ಟದಲ್ಲೇ ಇರಲಿ, ಕೆಳಗಿಳಿಸಿದರೆ ನೀರು ತಾನಾಗಿ ಎಳೆದುಕೊಂಡು ಜಾಸ್ತಿ ಬರುತ್ತದೆ. ಜಗ್ಗು ತುಂಬಲು ಎಷ್ಟು ಸೆಕೆಂಡ್ ಆಯಿತೋ ಅದರಿಂದ 3600ನ್ನು ಭಾಗಿಸಿ. ನನ್ನ 400ರ ಫಿಲ್ಟರ್ ಹೊಸದರಲ್ಲಿ 13 ಸೆಕೆಂಡಿಗೆ ಜಗ್ಗು ತುಂಬುತ್ತಿತ್ತು, ಅಂದರೆ ಗಂಟೆಗೆ 277 ಲೀಟರ್. ಮೂರು ವಾರ ಕಳೆದ ಮೇಲೆ 20 ಸೆಕೆಂಡ್ ಬೇಕಾಯಿತು. ಅಂದರೆ ಬರೀ 180. ಸ್ಪಾಂಜ್ ತೊಳೆಯುವ ಹೊತ್ತು ಬಂತು ಅಂತ ನನಗೆ ಗೊತ್ತಾಗುವುದು ಹೀಗೆಯೇ.

ಗೋಲ್ಡ್ ಫಿಶ್ ಸಾಕುವವರಿಗೆ ಈ ಲೆಕ್ಕ ಸಾಲದು. ಅದು ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಗಂಟೆಗೆ ಎಂಟು ಸಲವಾದರೂ ನೀರು ತಿರುಗಬೇಕು. ನನ್ನನ್ನು ಕೇಳಿದರೆ ಎರಡು ಅಡಿ ಟ್ಯಾಂಕಿನಲ್ಲಿ ಗೋಲ್ಡ್ ಫಿಶ್ ಬೇಡವೇ ಬೇಡ. ಅದು ಗೇಣುದ್ದ ಬೆಳೆಯುವ ಮೀನು, ದೊಡ್ಡ ಫಿಲ್ಟರ್ ಹಾಕಿದರೂ ಜಾಗ ಸಿಗುವುದಿಲ್ಲ.

ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಅಂಗಡಿಯವರು ಹೇಳಿದರು ಅಂತ ಫೈಟರ್ ಮೀನಿನ ಟ್ಯಾಂಕಿಗೆ 800 ಲೀಟರಿನದು ಹಾಕಿದೆ. ಆ ನೀಲಿ ಮೀನಿನ ರೆಕ್ಕೆಗಳು ಸೀರೆಯ ಸೆರಗಿನ ಹಾಗಿದ್ದವು. ನೀರಿನ ರಭಸಕ್ಕೆ ಅವು ಒಂದೇ ಕಡೆ ಎಳೆದುಕೊಂಡು, ಮೀನು ಮೂಲೆಯ ಗಿಡದ ಹಿಂದೆ ಸೇರಿಕೊಂಡುಬಿಟ್ಟಿತು. ಮೂರು ದಿನ ಊಟಕ್ಕೂ ಮೇಲೆ ಬರಲಿಲ್ಲ. ಆ ಫಿಲ್ಟರ್ ತೆಗೆದು, ಏರ್ ಪಂಪಿಗೆ ಸಣ್ಣ ಸ್ಪಾಂಜ್ ಫಿಲ್ಟರ್ ಹಾಕಿದ ಸಂಜೆಯೇ ಈಜುತ್ತಾ ಮುಂದೆ ಬಂತು. ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಅವತ್ತು ಟ್ಯಾಂಕಿನ ಎದುರಿಂದ ಏಳಲೇ ಇಲ್ಲ. ಫೈಟರ್‌ಗೆ ಅದೇ ಸರಿ. ಮರಿ ಹಾಕಿರುವ ಗಪ್ಪಿಗೂ ಅದೇ ಒಳ್ಳೆಯದು, ಮೋಟರ್ ಫಿಲ್ಟರಿನ ಸೀಳಿನೊಳಗೆ ಮರಿಗಳು ಎಳೆದುಕೊಂಡು ಹೋಗುತ್ತವೆ.

ಗಂಟೆಗೆ ಎಷ್ಟು ಲೀಟರ್ ಅನ್ನುವುದರ ಜೊತೆಗೆ ಒಳಗೆ ಎಷ್ಟು ಸ್ಪಾಂಜ್ ಹಿಡಿಸುತ್ತದೆ ಅಂತಲೂ ನೋಡಿ. ಮೀನಿನ ಗಲೀಜಿನಿಂದ ಬರುವ ಅಮೋನಿಯಾ ಮೀನಿಗೆ ವಿಷ. ಅದನ್ನು ಅಷ್ಟು ವಿಷವಲ್ಲದ್ದಾಗಿ ಬದಲಿಸುವ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುವುದು ಮುಖ್ಯವಾಗಿ ಆ ಸ್ಪಾಂಜಿನಲ್ಲೇ. ಹೊಸ ಟ್ಯಾಂಕಿನಲ್ಲಿ ಅವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ ಮೀನುಗಳನ್ನೆಲ್ಲ ಒಂದೇ ದಿನ ತರಬೇಡಿ. ಸ್ಪಾಂಜನ್ನು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯಲೂಬೇಡಿ, ಕ್ಲೋರಿನ್ನಿಗೆ ಆ ಬ್ಯಾಕ್ಟೀರಿಯಾ ಸಾಯಬಹುದು. ನೀರು ಬದಲಿಸುವಾಗ ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್ಟಿನಲ್ಲಿಟ್ಟು, ಅದರಲ್ಲಿ ಎರಡು ಸಲ ಹಿಂಡಿದರೆ ಸಾಕು.

ಫಿಲ್ಟರ್ ಹಗಲು ರಾತ್ರಿ ಓಡುತ್ತಿರಬೇಕು. ಮಲಗುವಾಗ ಆರಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪ್ ಒಂದು ತಂದಿಡಿ. ಏರ್ ಪಂಪನ್ನು ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿಟ್ಟರೆ ಕರೆಂಟ್ ಹೋದಾಗ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೇ ಹೋಗುತ್ತದೆ. ವೈರು ಕೂಡ ಪ್ಲಗ್ಗಿಗಿಂತ ಕೆಳಗೆ ಒಂದು ಸುತ್ತು ಜೋತುಬಿದ್ದಿರಲಿ. ಆಗ ವೈರಿನ ಮೇಲೆ ಜಾರಿ ಬಂದ ಹನಿ ಪ್ಲಗ್ ಮುಟ್ಟದೆ ಅಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ.