ಕುಡಿಯುವ ನೀರಿನ ಜಲಾಶಯದಲ್ಲಿ ವಿಷಪಾಚಿ: ಕೋಶ ಒಡೆಯದಂತೆ ನಿಭಾಯಿಸುವ ಕ್ರಮ

ಜಲಾಶಯದ ಅಂಚಿನಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿದರೆ ಕೈ ಮೊದಲು ಮೈಲುತುತ್ತದ ಚೀಲದ ಕಡೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ನೀಲಿ-ಹಸಿರು ಪಾಚಿ, ಅಂದರೆ ಸಯಾನೋಬ್ಯಾಕ್ಟೀರಿಯಾ, ಜೀವಂತ ಇರುವಷ್ಟು ಕಾಲ ಮೈಕ್ರೋಸಿಸ್ಟಿನ್ ವಿಷದ ಬಹುಪಾಲು ಅದರ ಕೋಶದೊಳಗೇ ಇರುತ್ತದೆ. ಇಡೀ ಕೋಶವನ್ನು ಆಲಂ (ಪಟಿಕ) ಮತ್ತು ಮರಳು ಫಿಲ್ಟರ್ ಹಿಡಿಯುತ್ತವೆ. ಮೈಲುತುತ್ತ ಹಾಕಿ ಕೋಶ ಒಡೆದರೆ ವಿಷ ನೀರಿನಲ್ಲಿ ಕರಗಿ, ಫಿಲ್ಟರ್ ದಾಟಿ ನಲ್ಲಿಗೆ ಬರುತ್ತದೆ.

ಮೊದಲು ಪಾಚಿ ಯಾವುದೆಂದು ನೋಡಿ. ಕೈಗವಸು ಹಾಕಿಕೊಂಡು ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ; ಬರೀ ಕೆನೆ ಬೇಡ, ಅದರ ಕೆಳಗಿನ ನೀರು ಬೇಕು. ರಾತ್ರಿಯಿಡೀ ಫ್ರಿಜ್‌ನಲ್ಲಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ಹಸಿರು ಮೇಲೆ ತೇಲಿ ಪದರ ಕಟ್ಟಿದ್ದರೆ ಸಯಾನೋಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು, ತಳಕ್ಕೆ ಕೂತಿದ್ದರೆ ಸಾಮಾನ್ಯ ಹಸಿರು ಪಾಚಿ. ಇದು ಅಂದಾಜು ಮಾತ್ರ, ಖಚಿತ ಉತ್ತರಕ್ಕೆ ಮೈಕ್ರೋಸ್ಕೋಪ್ ಬೇಕು. ಮೈಕ್ರೋಸಿಸ್ಟಿಸ್ ಎಂಬ ಬಗೆಯ ಸಯಾನೋಬ್ಯಾಕ್ಟೀರಿಯಾ ಆದರೆ ಲೋಳೆಯೊಳಗೆ ಸಣ್ಣ ದುಂಡು ಕೋಶಗಳು ಗುಂಪುಗುಂಪಾಗಿ ಕಾಣುತ್ತವೆ. ಡಾಲಿಕೋಸ್ಪರ್ಮಮ್ ಎಂಬ ಇನ್ನೊಂದು ಬಗೆ ಆದರೆ ಕೋಶಗಳು ಸಾಲಾಗಿ ಕೂಡಿದ ಎಳೆ, ಅಲ್ಲಲ್ಲಿ ಬಣ್ಣ ತೆಳುವಾದ, ಉಳಿದವಕ್ಕಿಂತ ದಪ್ಪನೆಯ ಒಂದೊಂದು ಕೋಶ. ಮಣ್ಣಿನ ವಾಸನೆಯನ್ನು ನಂಬಬೇಡಿ. ಆ ವಾಸನೆ ಕೊಡುವ ಜಿಯೋಸ್ಮಿನ್ ವಿಷವಲ್ಲ, ವಾಸನೆಯೇ ಇಲ್ಲದ ನೀರಿನಲ್ಲೂ ವಿಷ ಇರಬಹುದು.

ಮಾದರಿಯನ್ನು ಎರಡು ಕಡೆ ತೆಗೆಯಿರಿ: ಕೆನೆ ಕಟ್ಟಿದ ದಡದಲ್ಲಿ ಮತ್ತು ನೀರೆತ್ತುವ ಇಂಟೇಕ್‌ನ ಆಳದಲ್ಲಿ. ನೀರು ಶುದ್ಧೀಕರಿಸುವ ಘಟಕದಲ್ಲಿ ಏನು ಮಾಡಬೇಕೆಂಬುದನ್ನು ಎರಡನೆಯದೇ ಹೇಳುತ್ತದೆ. ಕಂದು ಗಾಜಿನ ಬಾಟಲಿಯಲ್ಲಿ ತುಂಬಿ, 4 ಡಿಗ್ರಿ ಸೆಲ್ಸಿಯಸ್ ಸುಮಾರಿನ ತಂಪಿನಲ್ಲಿ, ಬೆಳಕು ತಾಗದಂತೆ ಸಾಗಿಸಿ. ಲ್ಯಾಬ್‌ನಿಂದ ಎರಡು ಅಂಕಿ ಕೇಳಿ: ಕೋಶದ ಒಳಗಿನದೂ ಸೇರಿದ ಒಟ್ಟು ವಿಷ, ಮತ್ತು ನೀರಿನಲ್ಲಿ ಕರಗಿದ ವಿಷ. ಇವೆರಡರ ಅಂತರ ದೊಡ್ಡದಿದ್ದರೆ ಕೋಶಗಳು ಇನ್ನೂ ಗಟ್ಟಿಯಾಗಿವೆ ಎಂದರ್ಥ. ಶುದ್ಧೀಕರಿಸಿದ ನೀರಿನ ಮಾದರಿಗೆ ತೆಗೆದ ಕೂಡಲೇ ಸೋಡಿಯಂ ಥಿಯೋಸಲ್ಫೇಟ್ ಹಾಕಬೇಕು. ಇಲ್ಲವಾದರೆ ಬಾಟಲಿಯಲ್ಲಿ ಉಳಿದ ಕ್ಲೋರಿನ್ ದಾರಿಯುದ್ದಕ್ಕೂ ವಿಷವನ್ನು ಕಡಿಮೆ ಮಾಡುತ್ತ ಹೋಗಿ, ವರದಿ ಸುಳ್ಳು ಧೈರ್ಯ ಕೊಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಮೈಕ್ರೋಸಿಸ್ಟಿನ್ ಜೀವನಪೂರ್ತಿ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ, ಅಲ್ಪಾವಧಿಗೆ 12 ಮೈಕ್ರೋಗ್ರಾಂ ಮೀರಬಾರದು. ಬಾಟಲಿ ಹಾಲು ಕುಡಿಯುವ ಶಿಶುಗಳು ತಮ್ಮ ತೂಕಕ್ಕೆ ಹೋಲಿಸಿದರೆ ಬಹಳ ಹೆಚ್ಚು ನೀರು ಕುಡಿಯುತ್ತಾರೆ. ಹಾಗಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಶಿಶುಗಳಿಗೂ ಶಾಲೆಗೆ ಹೋಗದ ಚಿಕ್ಕ ಮಕ್ಕಳಿಗೂ ಹತ್ತು ದಿನದ ಮಿತಿಯನ್ನು ಲೀಟರಿಗೆ 0.3 ಮೈಕ್ರೋಗ್ರಾಂ ಎಂದು ಗೊತ್ತುಮಾಡಿತು, ಉಳಿದವರಿಗೆ 1.6. ಸಾರ್ವಜನಿಕ ಸೂಚನೆ ಕೊಡುವಾಗ ಮಕ್ಕಳ ಅಂಕಿಯನ್ನೇ ಹಿಡಿಯುವುದು ಸರಿ.

ಇನ್ನು ಇಂಟೇಕ್. ಗಾಳಿಯಿಲ್ಲದ ಮುಂಜಾನೆ ಮೈಕ್ರೋಸಿಸ್ಟಿಸ್ ಮೇಲಕ್ಕೆ ತೇಲಿರುತ್ತದೆ, ಆಗ ಆಳದ ಗೇಟ್ ತೆರೆದರೆ ಅರ್ಧ ಕೆಲಸ ಮುಗಿದಂತೆ. ಆದರೆ ತೀರಾ ತಳದಲ್ಲಿ ಆಮ್ಲಜನಕ ಇರುವುದಿಲ್ಲ, ಕಬ್ಬಿಣ ಮತ್ತು ಮ್ಯಾಂಗನೀಸ್ ಕರಗಿ ಬರುತ್ತವೆ. ಪ್ಲಾಂಕ್ಟೋಥ್ರಿಕ್ಸ್ ರುಬೆಸೆನ್ಸ್ ಎಂಬ ಜಾತಿಯಂತೂ ಸಾಮಾನ್ಯವಾಗಿ ಮೇಲೆ ಕೆನೆ ಕಟ್ಟದೆ ನಡು ಆಳದಲ್ಲೇ ಗುಂಪಾಗಿರುತ್ತದೆ. ಹಾಗಾಗಿ ಮೀಟರಿಗೊಮ್ಮೆ ಆಮ್ಲಜನಕ ಮತ್ತು ಪಾಚಿಯ ಪ್ರಮಾಣ ಅಳೆದ ಮೇಲೆಯೇ ಗೇಟ್ ಬದಲಿಸಿ.

ಘಟಕದಲ್ಲಿ ಮೊದಲು ನಿಲ್ಲಿಸಬೇಕಾದ್ದು ಕಚ್ಚಾ ನೀರಿಗೆ ಕೊಡುವ ಕ್ಲೋರಿನ್. ಪರ್ಮಾಂಗನೇಟ್ ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ. ಎರಡೂ ಕೋಶ ಒಡೆಯುತ್ತವೆ. ಆಲಂ ಪ್ರಮಾಣಕ್ಕೆ ದಿನವೂ ಜಾರ್ ಟೆಸ್ಟ್, ಅಂದರೆ ಜಾಡಿಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡುವ ಪರೀಕ್ಷೆ, ಮಾಡಿ. ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದರಿಂದ ನೀರಿನ ಪಿಎಚ್ 9ರ ಆಚೆಗೂ ಏರುತ್ತದೆ, ನಿನ್ನೆಯ ಆಲಂ ಇಂದು ಸಾಲುವುದಿಲ್ಲ. ಆಮ್ಲ ಹಾಕಿ ಸರಿಪಡಿಸುವಾಗ ಪಿಎಚ್ 6ಕ್ಕಿಂತ ಕೆಳಗಿಳಿಯದಿರಲಿ, ಅದರಿಂದಲೂ ಕೋಶ ಒಡೆಯಬಹುದು.

ಎಲ್ಲರೂ ಮರೆಯುವ ಜಾಗ ಕೆಸರಿನ ತೊಟ್ಟಿ. ಅಲ್ಲಿ ಸಿಕ್ಕಿಬಿದ್ದ ಕೋಶಗಳು ಸಾಯುತ್ತ ವಿಷ ಬಿಡುತ್ತವೆ. ಕೆಸರನ್ನು ದಿನವೂ ಹೊರಹಾಕಿ. ಅದರ ಮೇಲಿನ ತಿಳಿನೀರನ್ನಾಗಲಿ ಬ್ಯಾಕ್‌ವಾಶ್ (ಫಿಲ್ಟರನ್ನು ಹಿಮ್ಮುಖವಾಗಿ ತೊಳೆದ) ನೀರನ್ನಾಗಲಿ ಮತ್ತೆ ಘಟಕದ ಆರಂಭಕ್ಕೆ ಸೇರಿಸಬೇಡಿ. ನೀರು ಉಳಿಸಲೆಂದು ಫಿಲ್ಟರಿನ ಬ್ಯಾಕ್‌ವಾಶ್ ಮುಂದೂಡುವುದೂ ಇದೇ ತಪ್ಪು.

ಕರಗಿದ ವಿಷಕ್ಕೆ ಪುಡಿ ರೂಪದ ಆ್ಯಕ್ಟಿವೇಟೆಡ್ ಕಾರ್ಬನ್ ಬೇಕು. ಮೈಕ್ರೋಸಿಸ್ಟಿನ್ ದೊಡ್ಡ ಅಣುವಾದ್ದರಿಂದ ಮರದಿಂದ ಮಾಡಿದ, ಅಗಲ ರಂಧ್ರದ ಕಾರ್ಬನ್ ಚೆನ್ನಾಗಿ ಹಿಡಿಯುತ್ತದೆ. ಲೀಟರಿಗೆ 20 ಮಿಲಿಗ್ರಾಂನಿಂದ ಜಾರ್ ಟೆಸ್ಟ್ ಆರಂಭಿಸಿ, ಅಂದರೆ ಹತ್ತು ಲಕ್ಷ ಲೀಟರಿಗೆ 20 ಕಿಲೋ. ಕನಿಷ್ಠ 30 ನಿಮಿಷ ಸಂಪರ್ಕ ಸಿಗಲಿ. ಅದೇ ಜಾಗದಲ್ಲಿ ಕ್ಲೋರಿನ್ ಹಾಕಿದರೆ ಕಾರ್ಬನ್ ಅದನ್ನು ನುಂಗುತ್ತದೆ, ಎರಡೂ ವ್ಯರ್ಥ.

ಫಿಲ್ಟರ್ ದಾಟಿದ ಮೇಲೆ ಕ್ಲೋರಿನ್ ನಿಮ್ಮ ಗೆಳೆಯ. ಪಿಎಚ್ 8ಕ್ಕಿಂತ ಕಡಿಮೆ ಇರಲಿ, 30 ನಿಮಿಷದ ನಂತರವೂ ಲೀಟರಿಗೆ 0.5 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಲಿ. ಪಿಎಚ್ 9ರಲ್ಲಿ ಈ ಕ್ರಿಯೆ ಬಹಳ ನಿಧಾನ. ಕ್ಲೋರಿನ್‌ಗೆ ಅಮೋನಿಯಾ ಸೇರಿ ಆಗುವ ಕ್ಲೋರಮೈನ್ ಮೈಕ್ರೋಸಿಸ್ಟಿನ್‌ಗೆ ನಾಟುವುದೇ ಇಲ್ಲ. ಅನಾಟಾಕ್ಸಿನ್ ಎಂಬ ನರವಿಷಕ್ಕೆ ಕ್ಲೋರಿನ್ ಕೂಡ ಸಾಲದು, ಓಜೋನ್ ಅಥವಾ ಕಾರ್ಬನ್ ಬೇಕು.

ಮಿತಿ ಮೀರಿದರೆ ಪ್ರಕಟಣೆಯಲ್ಲಿ ‘ಕುದಿಸಿ ಕುಡಿಯಿರಿ’ ಎಂಬ ಮಾತು ಬರಲೇಬಾರದು. ಕುದಿಸಿದರೆ ನೀರು ಆವಿಯಾಗುತ್ತದೆ, ವಿಷ ಪಾತ್ರೆಯಲ್ಲೇ ಉಳಿದು ಗಾಢವಾಗುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದೇ ತಿಳಿಸಲಾಯಿತು. ಡಯಾಲಿಸಿಸ್ ಕೇಂದ್ರಗಳಿಗೆ ಎಲ್ಲರಿಗಿಂತ ಮೊದಲು ಫೋನ್ ಮಾಡಿ. ಅಲ್ಲಿ ನೀರಿನ ವಿಷ ನೇರವಾಗಿ ರಕ್ತಕ್ಕೆ ಸೇರುತ್ತದೆ. 1996ರಲ್ಲಿ ಬ್ರೆಜಿಲ್‌ನ ಕರುವಾರುವಿನಲ್ಲಿ 50ಕ್ಕೂ ಹೆಚ್ಚು ರೋಗಿಗಳು ಹೀಗೆ ಜೀವ ಕಳೆದುಕೊಂಡರು.

ಯಾರಾದರೂ ಈಗಾಗಲೇ ಮೈಲುತುತ್ತ ಹಾಕಿಬಿಟ್ಟಿದ್ದರೆ ಬೇರೆ ಮೂಲದ ನೀರಿಗೆ ತಿರುಗಿ, ಕರಗಿದ ವಿಷದ ವರದಿ ಬರುವವರೆಗೆ ಆ ಇಂಟೇಕ್ ಮುಚ್ಚಿಡಿ. ಪಾಚಿ ತಾನಾಗಿಯೇ ಸತ್ತು ನೀರು ತಿಳಿಯಾದಾಗಲೂ ಪರೀಕ್ಷೆ ನಿಲ್ಲಿಸಬೇಡಿ. ಕೋಶದೊಳಗಿನ ವಿಷ ಹೊರಬೀಳುವುದು ಆಗಲೇ, ಅದು ವಾರಗಟ್ಟಲೆ ನೀರಿನಲ್ಲಿ ಉಳಿಯಬಹುದು. ಇಂಟೇಕ್‌ನ ಮಾದರಿ ಬೇರೆ ಬೇರೆ ದಿನಗಳಲ್ಲಿ, ಒಂದರ ಹಿಂದೊಂದು ಮಿತಿಯೊಳಗೆ ಬಂದ ಮೇಲೆಯೇ ಕಾರ್ಬನ್ ಕಡಿಮೆ ಮಾಡುತ್ತ ಬನ್ನಿ.